ಒಂಬತ್ತು ಗುಂಡಿ

ಗೆಣಸಿನತ್ತೆ ನನಗೆ ಸ್ವಂತ ಅತ್ತೆಯಲ್ಲ. ಕಾಡಂಚಿನ ನಮ್ಮ ನಲವತ್ತು ಮನೆಗಳಿಗೂ ಅವಳು ಅತ್ತೆಯೇ. ಮೇಲಿನ ಇಳಿಜಾರಿನಲ್ಲಿ ಕಾಡುಗೆಣಸು ಅಗೆಯುವುದು ಅವಳ ಕಸುಬು. ಸೊಂಟದ ಮಟ್ಟ ಅಗೆದು ಗೆಡ್ಡೆ ಕೀಳುತ್ತಾಳೆ. ಬಳ್ಳಿ ಅಂಟಿಕೊಂಡ ತಲೆಯ ತುಂಡನ್ನು ಅದೇ ಗುಂಡಿಯಲ್ಲಿ ನೆಟ್ಟು, ಮಣ್ಣು ಮುಚ್ಚಿ, ತರಗೆಲೆ ಹರಡುತ್ತಾಳೆ. ಬೇರೆಡೆ ನೆಟ್ಟರೆ ಅದು ಹಿಡಿಯುವುದಿಲ್ಲ. ಗುಂಡಿ ತೆರೆದು ಬಿಟ್ಟು ಬಂದವರನ್ನು ಮೂರು ದಿನ ಮಾತಾಡಿಸುವುದಿಲ್ಲ. ನನಗೂ ಒಮ್ಮೆ ಆ ಶಿಕ್ಷೆಯಾಗಿದೆ.

ಆ ಇಳಿಜಾರನ್ನು ಬೋಳಿಸಿ ಒಂದೇ ಜಾತಿಯ ಸಸಿ ನೆಡುವ ಯೋಜನೆ ಬಂತು. ಅಭಿವೃದ್ಧಿ ಎಂದರೆ ಅದೇ ಎಂದು ಎಲ್ಲೋ ತೀರ್ಮಾನವಾಗಿತ್ತು. ನಮ್ಮನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆ ಜಾಗವನ್ನು ನಾವು ಬಳಸುತ್ತಿದ್ದೇವೆಂದು ತೋರಿಸಿದರೆ ಮಾತ್ರ ಅದು ನಮಗೆ ಉಳಿಯುತ್ತಿತ್ತು. ಅರ್ಜಿ ಬರೆದವನು ನಾನು, ಅರಣ್ಯ ಸಮಿತಿಯ ಕಾರ್ಯದರ್ಶಿ.

ಸರ್ವೆಯವರು ಬರುವ ದಿನ ಗೊತ್ತಾಗಿದ್ದೇ ತಡ, ಅತ್ತೆ ಮೂವರು ಸೊಸೆಯಂದಿರನ್ನು ಕಟ್ಟಿಕೊಂಡು ಮೇಲೆ ಹತ್ತಿದಳು. ಕುಸಿದ ಕಡೆ ಮಣ್ಣು ತುಂಬಿದಳು, ಕಾಲುದಾರಿಗೂ ತರಗೆಲೆ ಹೊದಿಸಿದಳು. ನೆಂಟರು ಬರುತ್ತಾರೆಂದು ಅಂಗಳ ಗುಡಿಸುವ ಹಾಗೆ ಇಡೀ ಇಳಿಜಾರನ್ನು ಚೊಕ್ಕ ಮಾಡಿದಳು.

ಸರ್ವೆಯವರು ಎರಡು ಗಂಟೆ ಸುತ್ತಿದರು. "ಇಲ್ಲಿ ಯಾರೂ ಕಾಲಿಟ್ಟ ಹಾಗೇ ಇಲ್ವಲ್ಲಮ್ಮ!"

"ಮತ್ತೆ? ನಾವೇನು ಹಂದಿಗಳಾ, ಕೆದರಿ ಬಿಟ್ಟು ಹೋಗೋಕೆ?" ಅತ್ತೆ ಬೀಗಿದಳು.

ನಾನು ಹಣೆ ಚಚ್ಚಿಕೊಂಡೆ. ಅವಳು ನೆಟ್ಟ ತಲೆಗಳನ್ನು ಒಂದೊಂದಾಗಿ ಮಣ್ಣು ಸರಿಸಿ ತೋರಿಸಿದೆ.

"ಇದು ಫೋಟೋದಲ್ಲಿ ಕಾಡು ಬೇರಿನ ಹಾಗೇ ಕಾಣುತ್ತೆ," ಎಂದರು ಸರ್ವೆಯವರು. ಮನುಷ್ಯ ಕೆಟ್ಟವನಲ್ಲ. "ನನ್ನೆದುರು ಅಗೆದ್ರೂ ನಡೆಯಲ್ಲ, ಹಳೇ ಗುಂಡಿ ಬೇಕು. ಹತ್ತು ದಿನ ಬಿಟ್ಟು ಬರ್ತೀನಿ. ಅಗೆದದ್ದು ಅಗೆದ ಹಾಗೇ ಇರ್ಲಿ."

ಅತ್ತೆ ಒಂಬತ್ತು ಕಡೆ ಅಗೆದಳು. ಒಂಬತ್ತು ತಲೆಗಳೂ ಬಿಸಿಲಿಗೆ ಬಿದ್ದವು. ದಿನಾ ಸಂಜೆ ಸಮಿತಿಯ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಮುಚ್ಚಿ ಬರ್ಲೇನೋ?"

"ಇನ್ನೂ ಬೇಡ ಅತ್ತೆ." ಹಾಗೆ ಹೇಳುವಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಸರ್ವೆಯವರು ಹೇಳಿದ ದಿನವೇ ಬಂದರು, ಫೋಟೋ ತೆಗೆದರು, "ಬಳಕೆ ಇದೆ" ಎಂದು ಬರೆದುಕೊಂಡರು. ಅವರ ಜೀಪು ತಿರುವು ದಾಟುವ ಮೊದಲೇ ಅತ್ತೆ ಮಣ್ಣು ಎಳೆಯತೊಡಗಿದ್ದಳು. ಬೇಸಿಗೆ ಮುಗಿಯುವುದರೊಳಗೆ ಇಳಿಜಾರು ನಮ್ಮದೆಂಬ ಕಾಗದ ಬಂತು. ಅದಕ್ಕೆ ಕಟ್ಟು ಹಾಕಿಸಿ ಸಮಿತಿಯ ಕೋಣೆಯ ಗೋಡೆಗೆ ತೂಗುಹಾಕಿದೆ.

ಮಳೆ ಬಂತು. ಇಳಿಜಾರಿನ ತುಂಬ ಬಳ್ಳಿ ಚಿಗುರಿತು, ಆ ಒಂಬತ್ತು ಕಡೆ ಬಿಟ್ಟು. ಅತ್ತೆ ಒಂದು ತಲೆಯನ್ನು ಕೆದಕಿ ತೆಗೆದಳು. ಅದು ಒಣಗಿ ಹಗುರವಾಗಿತ್ತು.

"ಜಾಗ ಉಳೀತಲ್ಲ ಅತ್ತೆ," ಎಂದೆ.

ಉತ್ತರ ಬರಲಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದಾಳೆ ಅಂದುಕೊಂಡೆ. ಮನೆಗೆ ಹೋದರೆ ಸೊಸೆಯಂದಿರೊಂದಿಗೂ ಮಾತಿಲ್ಲ, ಮೊಮ್ಮಗಳೊಂದಿಗೂ ಇಲ್ಲ. ಗುಂಡಿ ತೆರೆದು ಬಿಟ್ಟವಳು ತಾನೇ ಅಲ್ಲವೇ? ಮೂರು ದಿನ ಅವಳು ಯಾರೊಂದಿಗೂ ಮಾತಾಡಲಿಲ್ಲ.