ಎಣ್ಣೆ ಅಂದರೆ ಎಂತ ಎಣ್ಣೆ

ಚಿತ್ರ ಕೆಡಿಸಿದವಳು ನಾನು, ಬೈಸಿಕೊಂಡವಳು ನನ್ನ ಸೊಸೆ. ನಡೆದದ್ದು ಇಷ್ಟೇ, ಮುಂದೆ ಹೇಳುವುದೆಲ್ಲ ಅದಕ್ಕೆ ಹಚ್ಚಿದ ಬಣ್ಣ ಎಂದು ನೀವು ಅಂದುಕೊಂಡರೂ ನನ್ನ ತಕರಾರಿಲ್ಲ.

ನಾನು ಕಲಿತದ್ದು ನಾಲ್ಕನೇ ಇಯತ್ತೆ, ಬ್ರಶ್ಶು ಹಿಡಿದದ್ದು ಮೊಮ್ಮಕ್ಕಳಾದ ಮೇಲೆ. ನನ್ನ ರಂಗೋಲಿ ನೋಡಿ, ಕುಮಟಾದ ಚಿತ್ರದ ಕ್ಲಾಸಿಗೆ ಸೇರಿಸಿದವಳು ಸೊಸೆ ಸುಮಿತ್ರೆಯೇ. ಅಲ್ಲಿಯ ಟೀಚರು ಒಂದು ಅಚ್ಚಿನ ಚಿತ್ರ ಕೊಟ್ಟು, ಇದನ್ನೇ ನೋಡಿ ಬರೆಯಿರಿ ಎಂದರು. ಸಂಜೆಯ ಹೊಳೆದಂಡೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಬೆನ್ನ ಹಿಂದಿನ ಸೂರ್ಯ ಅವಳ ಕೂದಲಿಗೂ ಸೆರಗಿಗೂ ಬೆಳಕಿನ ಅಂಚು ಕಟ್ಟಿದ್ದಾನೆ. ಅಘನಾಶಿನಿ ಹೊಳೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಬಳಚಿನ ಚಿಪ್ಪು ಹೆಕ್ಕಿದ ನನಗೆ ಅದೇ ಹೊತ್ತಿನ ನೀರು ಹಾಗೆ ಹೊಳೆದ ನೆನಪಿಲ್ಲ. ತಲೆ ಎತ್ತಿದ್ದರೆ ತಾನೇ? ಆ ಬೆಳಕನ್ನು ನನ್ನದು ಮಾಡಿಕೊಳ್ಳಬೇಕೆಂಬ ಹಟ ಹತ್ತಿತು.

"ಬಣ್ಣ ಗಟ್ಟಿಯಾದರೆ ಒಂದೆರಡು ಹನಿ ಎಣ್ಣೆ ಸೇರಿಸಿ" ಎಂದಿದ್ದರು ಟೀಚರು. ಮನೆಯಲ್ಲಿ ಬರೆಯುವಾಗ ಸೇರಿಸಿದೆ; ಮುಖ ಮಿನುಗಲಿ ಎಂದು ಅಲ್ಲಿಗೆ ಧಾರಾಳವಾಗಿಯೇ ಸೇರಿಸಿದೆ. ಜಗಲಿಯಲ್ಲಿಟ್ಟು ಎಷ್ಟು ದಿನ ಕಳೆದರೂ ಚಿತ್ರ ಒಣಗಲಿಲ್ಲ.

ಒಂದು ಮಧ್ಯಾಹ್ನ ನೋಡುತ್ತೇನೆ, ಚಿತ್ರದ ಹೆಂಗಸಿನ ಮುಖ ಕುತ್ತಿಗೆಗೆ ಇಳಿದಿದೆ, ಸುಮಿತ್ರೆಯ ಸೆರಗಿನಲ್ಲಿ ಹಳದಿ ಕಲೆ. ಪಕ್ಕದ ಮನೆಯ ನಾಗವೇಣಿ ನಮ್ಮ ಜಗಲಿಯಲ್ಲೇ ಕೂತಿದ್ದಳು.

"ನಂಗೆ ಬಂದ ವಿದ್ಯೆ ನಿಂಗೆ ಸೈರಿಸ್ಲಿಲ್ಲ, ಅಲ್ಲನೇ?" ಎಂದೆ ಸುಮಿತ್ರೆಗೆ, ನಾಗವೇಣಿಗೂ ಕೇಳುವ ಹಾಗೆ.

"ಬಿಸಿಲು ಬೀಳ್ತಿತ್ತು ಅತ್ತೆ, ಒಳಗೆ ತಂದಿಟ್ಟೆ. ಬೇರೆಂತದೂ ಮಾಡ್ಲಿಲ್ಲ."

"ಮಾಡದಿದ್ರೆ ಸೆರಗಿಗೆ ಬಣ್ಣ ಹಾರಿ ಬಂತಾ?"

ನಾಗವೇಣಿ ನಕ್ಕಳು. "ಈಗಿನ ಸೊಸೆದಿರು ಹಾಂಗೇ ಬಿಡು ಅಕ್ಕ." ಸುಮಿತ್ರೆ ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಶನಿವಾರ ಚಿತ್ರವನ್ನು ಕ್ಲಾಸಿಗೆ ಒಯ್ದೆ. ಟೀಚರು ಬಣ್ಣ ಮುಟ್ಟಿ ಬೆರಳು ಮೂಸಿದರು.

"ಅಮ್ಮಾ, ಇದಕ್ಕೆ ಯಾವ ಎಣ್ಣೆ ಹಾಕಿದ್ರಿ?"

"ಯಾವ್ದು ಅಂದ್ರೆ ಎಂತ? ಎಣ್ಣೆ."

"ತಲೆಗೆ ಹಾಕೋದಾ?"

"ತಲೆಗೂ ಅದೇ, ಒಗ್ಗರಣೆಗೂ ಅದೇ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಮ್ಮಲ್ಲಿ ಎಣ್ಣೆ ಎಂದರೆ ತೆಂಗಿನೆಣ್ಣೆ. ಉಳಿದವನ್ನು ಹೆಸರು ಹಿಡಿದು ಕರೆಯಬೇಕು. ಚಿತ್ರಕ್ಕೆ ಹಾಕುವುದು ಅಗಸೆ ಎಣ್ಣೆಯಂತೆ, ಅದು ಒಣಗುತ್ತದೆ. ತೆಂಗಿನದು ಜನ್ಮದಲ್ಲಿ ಒಣಗುವುದಿಲ್ಲ, ಬಿಸಿಲು ತಾಗಿದರೆ ಬಣ್ಣವನ್ನೂ ಕರೆದುಕೊಂಡು ತಾನೇ ಜಾರುತ್ತದೆ.

ಆ ನಗೆಗೆ ನಾನು ನಾಚಲಿಲ್ಲ. ನಾಚಿಕೆ ಬಂದದ್ದು ಬಸ್ಸು ಹತ್ತಿದ ಮೇಲೆ, ಇಳಿದರೂ ಅದು ಇಳಿಯಲಿಲ್ಲ. ಬೆಳಕು ಕಾಣಬೇಕಾದರೆ ಅದರ ಪಕ್ಕ ಕಪ್ಪು ಹಚ್ಚಬೇಕು ಎಂದು ಟೀಚರು ಮೊದಲ ದಿನವೇ ಕಲಿಸಿದ್ದರು. ಆ ಪಾಠವನ್ನು ನಾನು ಕ್ಯಾನ್ವಾಸಿನ ಮೇಲೆ ಕಲಿಯಲಿಲ್ಲ, ಮನೆಯಲ್ಲಿ ಮಾಡಿ ತೋರಿಸಿದೆ: ನಾನು ಹೊಳೆಯಬೇಕೆಂದು ಪಕ್ಕದಲ್ಲಿದ್ದವಳಿಗೆ ಮಸಿ ಬಳಿದೆ. ಅಚ್ಚಿನ ಚಿತ್ರದ ಹೆಂಗಸಿನ ಹುಬ್ಬನ್ನು ಅಷ್ಟು ದಿನ ನೋಡಿದವಳು, ಅಕ್ಕಿ ತೊಳೆಯುತ್ತಿದ್ದವಳ ಮುಖ ಹೇಗಿತ್ತೆಂದು ತಿರುಗಿಯೂ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿ ಮುಗಿಸೋಣ ಎಂದು ಮನಸ್ಸು ನುಣುಚಿಕೊಳ್ಳಲು ನೋಡಿತು. ಆದರೆ ಬೈದದ್ದು ಜಗಲಿಯಲ್ಲಿ.

ಮರುದಿನ ಬೆಳಿಗ್ಗೆ ನಾಗವೇಣಿ ಅಂಗಳ ಗುಡಿಸುವ ಹೊತ್ತಿಗೆ ಸುಮಿತ್ರೆಯ ಕೈ ಹಿಡಿದು ಹೊರಗೆ ತಂದೆ.

"ನಾಗವೇಣಿ, ಚಿತ್ರ ಹಾಳು ಮಾಡಿದ್ದು ನಾನು. ಇವಳು ಉಳಿಸ್ಲಿಕ್ಕೆ ಹೋದವಳು."

"ಅಯ್ಯೋ, ಅದೆಂತ ದೊಡ್ಡದು ಅಕ್ಕ!"

"ನಿಂಗೆ ದೊಡ್ಡದಲ್ಲ" ಎಂದೆ.

ಸುಮಿತ್ರೆ ಕೈ ಬಿಡಿಸಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತು, ಅಡುಗೆಮನೆಯವರೆಗೂ ಕೇಳುವ ಹಾಗೆ ಅದನ್ನೇ ಇನ್ನೊಮ್ಮೆ ಹೇಳಿದೆ.