ಎರಡು ವಿಂಡೋಸ್, ಒಂದು ಲೈಸೆನ್ಸ್

"ಅಕ್ಕಾರ, ಎರಡೂ ಇರ್ಲಿ ಬಿಡ್ರಿ, ಯಾರ ಕೇಳತಾರ?" ಎನ್ನುತ್ತ ಮನೆಗೆ ಬಂದಿದ್ದ ಕಂಪ್ಯೂಟರ್ ಅಂಗಡಿಯವರು ನಮ್ಮ ಒಂದೇ ಕಂಪ್ಯೂಟರ್‌ಗೆ ಹಳೆಯದರ ಜೊತೆ ಹಾಕಲು ಹೊಸ ವಿಂಡೋಸ್ ಸಿಡಿ ಕೈಗೆತ್ತಿಕೊಂಡರು. ಮಾವನವರ ಕನ್ನಡ ಟೈಪಿಂಗ್ ಹಳೆಯ ವಿಂಡೋಸ್‌ನಲ್ಲಷ್ಟೇ ನಡೆಯುತ್ತಿತ್ತು. ಮಗಳ ಕಾಲೇಜಿಗೆ ಹೊಸದು ಬೇಕಿತ್ತು. ನಾನು ಸಿಡಿ ಡಬ್ಬಿಯೊಳಗಿನ ಸಣ್ಣಕ್ಷರದ ಇಂಗ್ಲಿಷ್ ಕಾಗದ ಓದಿದೆ. ಇದು ಹಳೆಯದನ್ನು ತೆಗೆದು ಅದರ ಬದಲಿಗೆ ಹಾಕುವಂಥದ್ದು, ಎರಡೂ ಬೇಕಿದ್ದರೆ ಬೇರೆ ಲೈಸೆನ್ಸ್ ಬೇಕು ಎಂದು ಅಳುಕುತ್ತಲೇ ಹೇಳಿದೆ.

ಅಂಗಡಿಯವರು ನಕ್ಕರು. ಮಾವನವರು ನಗಲಿಲ್ಲ.

"ಒಂದ ಟಿಕೆಟ್ ಮ್ಯಾಲ ಇಬ್ರು ಹುಕ್ಕೇರಿ ಬಸ್ ಹತ್ತಾಕ ಬರತೈತೇನ್ರಿ? ನಮ್ಮ ಸೊಸಿ ಓದಿ ಹೇಳ್ಯಾಳ. ಇನ್ನೊಂದು ಲೈಸೆನ್ಸ್ ತರ್ರಿ."

ಗೋಕಾಕದ ಈ ಮನೆಯಲ್ಲಿ ನನ್ನ ಕಾನ್ವೆಂಟ್ ಇಂಗ್ಲಿಷ್ ಅಲ್ಲಿಯವರೆಗೆ ಔಷಧದ ಬಾಟಲಿ ಓದುವುದಕ್ಕಷ್ಟೇ ಇತ್ತು. ಮಾವನವರು ಆ ಕಾಗದವನ್ನು ಹೊಲದ ಉತಾರ, ಅಂದರೆ ಪಹಣಿ ಪತ್ರದ ಜೊತೆ ಟ್ರಂಕಿನಲ್ಲಿಟ್ಟರು. ಬಂದವರಿಗೆಲ್ಲ ತೆಗೆದು ತೋರಿಸಿ, "ನಮ್ಮ ಸೊಸಿ ಓದಿದ್ದು" ಎನ್ನುತ್ತಿದ್ದರು.