ಹಿಂದಿನ ದೀಪ ಉರಿಯುತ್ತಿರಲಿಲ್ಲ

ಬೀರಪ್ಪ ಇಪ್ಪತ್ತಾರು ವರ್ಷ ಲಾರಿ ಓಡಿಸಿದ. ಅದರಲ್ಲಿ ಕೊನೆಯ ಒಂಬತ್ತು ವರ್ಷ ಆಲ್ಕೊಳದ ಷಡಕ್ಷರಪ್ಪನವರ ಲಾರಿ. ಕ್ರಷರ್‌ನಲ್ಲಿ ಜಲ್ಲಿ ತುಂಬಿಕೊಂಡು ಶಿವಮೊಗ್ಗ, ಭದ್ರಾವತಿಯ ಕಟ್ಟಡಗಳಿಗೆ ಸುರಿದು ಬರುವುದು ಅವನ ಕೆಲಸ. ಕುಡಿಯುತ್ತಿರಲಿಲ್ಲ, ಮುಂದಿನ ಗಾಡಿಯನ್ನು ಹಿಂದೆ ಹಾಕುವ ಚಪಲವೂ ಇರಲಿಲ್ಲ. ಷಡಕ್ಷರಪ್ಪನವರನ್ನೂ ಕೆಟ್ಟವರೆನ್ನುವಂತಿರಲಿಲ್ಲ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದರು, ಬೀರಪ್ಪನ ಮಗಳ ಹೆರಿಗೆಗೆ ತಮ್ಮ ಕಾರನ್ನೇ ಕಳಿಸಿದ್ದರು. ಆದರೆ ಲಾರಿ ಒಂದು ದಿನ ನಿಂತರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಒದ್ದೆ ಜಲ್ಲಿಯಿಂದ ಸೋರಿದ ನೀರು, ಧೂಳು ಎಲ್ಲ ಸೇರಿ ಲಾರಿಯ ಅಡಿಯ ವೈರು ಕೊಳೆತುಹೋಗಿತ್ತು. ಹಿಂದಿನ ದೀಪಗಳಿಗೆ ಬೀರಪ್ಪ ತಾನೇ ಬಲ್ಬು ಹಾಕುತ್ತಿದ್ದ. ನಾಲ್ಕು ದಿನ ಉರಿದು ಆರಿಹೋಗುತ್ತಿತ್ತು. ಮುಂದಿನಿಂದ ಹಿಂದಿನವರೆಗೂ ವೈರು ಬದಲಾಯಿಸಬೇಕು, ಎರಡು ದಿನ ಗಾಡಿ ಬಿಟ್ಟುಹೋಗಿ ಎಂದು ಮಾಚೇನಹಳ್ಳಿಯ ಎಲೆಕ್ಟ್ರಿಷಿಯನ್ ಹೇಳಿದ್ದ. ಬೀರಪ್ಪ ಮೂರು ಸಲ ಈ ಮಾತು ಎತ್ತಿದ. ಷಡಕ್ಷರಪ್ಪನವರು ಒಮ್ಮೆಯೂ ಇಲ್ಲ ಅನ್ನಲಿಲ್ಲ. ಈ ಕಟ್ಟಡ ಮುಗಿಯಲಿ, ಈ ತಿಂಗಳು ಕಳೆಯಲಿ ಅಂದರು. ಮೂರನೆಯ ಸಲ ನಗುತ್ತಾ, "ಕತ್ತಲಾಗೋದ್ರೊಳಗೆ ಬಂದ್ಬಿಡು ಮಾರಾಯ, ಲೈಟೇ ಬೇಡ" ಅಂದರು.

ಮೂರು ವರ್ಷದ ಹಿಂದಿನ ಅಕ್ಟೋಬರ್‌ನಲ್ಲಿ ಒಂದು ಮಧ್ಯಾಹ್ನ ಮಾಚೇನಹಳ್ಳಿಯ ಹತ್ತಿರ ಸಾರಿಗೆ ಇಲಾಖೆಯ ಜೀಪು ನಿಂತಿತ್ತು. ಲಾರಿಗಳನ್ನೆಲ್ಲ ಬದಿಗೆ ಹಾಕಿಸಿ ದೀಪ ಪರೀಕ್ಷೆ ಮಾಡುತ್ತಿದ್ದರು. ನಿರೀಕ್ಷಕಿ ದಿವ್ಯಶ್ರೀ ಎಂಬ ಮೂವತ್ತರ ಆಸುಪಾಸಿನ ಹೆಂಗಸು. ಬೀರಪ್ಪನ ಲಾರಿಯ ಸುತ್ತ ಬಂದಳು. ಹಿಂದಿನ ಎರಡು ದೀಪಗಳಲ್ಲಿ ಒಂದೂ ಹತ್ತಲಿಲ್ಲ, ಬ್ರೇಕ್ ಲೈಟ್ ಇಲ್ಲ, ಹೊಳೆಯುವ ಕೆಂಪು ಪಟ್ಟಿ ಅರ್ಧ ಕಿತ್ತುಹೋಗಿತ್ತು. ವಾದ ಮಾಡದೆ ಕೈಕಟ್ಟಿ ನಿಂತ ಬೀರಪ್ಪನನ್ನು ನೋಡಿ ಅವಳಿಗೆ ಏನನ್ನಿಸಿತೋ, ಕೆಂಪು ಪಟ್ಟಿಯ ದೋಷವೊಂದನ್ನೇ ಬರೆದು ಬಿಡುತ್ತೇನೆ, ಉಳಿದದ್ದನ್ನು ಬೇಗ ಮಾಡಿಸಿಕೊಳ್ಳಿ ಅಂದಳು.

ಬೀರಪ್ಪ ಒಪ್ಪಲಿಲ್ಲ. "ಎಲ್ಲಾ ಬರೀರಿ ಮೇಡಂ. ನಾನು ಹೇಳಿದ್ರೆ ಸಾವ್ಕಾರ್ರು ಕೇಳಲ್ಲ. ಕಾಗದ ನೋಡಿದ್ರೆ ಮಾಡಿಸ್ತಾರೆ."

ದಂಡ ಹೆಚ್ಚಾಗುತ್ತದೆ ಎಂದು ಎಚ್ಚರಿಸಿ ಅವಳು ಎಲ್ಲವನ್ನೂ ಬರೆದಳು. ದೋಷಗಳನ್ನು ಚಾಲಕನಿಗೆ ತಿಳಿಸಲಾಗಿದೆ ಎಂಬ ಸಾಲನ್ನೂ ಬರೆದಳು. ಬೀರಪ್ಪ ಕೆಳಗೆ ಸಹಿ ಹಾಕಿದ. ಸಂಜೆ ಷಡಕ್ಷರಪ್ಪನವರು ಆ ಕಾಗದವನ್ನು ಓದಿ, ದಂಡ ಕಟ್ಟಿ, ಮುಂದಿನ ಸೋಮವಾರ ಗ್ಯಾರೇಜಿಗೆ ಬಿಡೋಣ ಅಂದರು. ಸೋಮವಾರ ಬಂತು, ಹೋಯಿತು.

ಹನ್ನೊಂದನೆಯ ದಿನ ಬೀರಪ್ಪ ಕೊನೆಯ ಲೋಡ್ ತುಂಬುವ ಹೊತ್ತಿಗೆ ಹೊತ್ತು ಮುಳುಗಿತ್ತು. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಜಲ್ಲಿಯಿಲ್ಲದೆ ಕಾಂಕ್ರೀಟ್ ನಿಂತಿತ್ತು. ಬೆಳಿಗ್ಗೆ ಹೋಗುತ್ತೇನೆ ಎಂದು ಬೀರಪ್ಪ ಫೋನಿನಲ್ಲಿ ಹೇಳಿ ನೋಡಿದ. ಇಷ್ಟು ದೂರಕ್ಕೆ ಏನಾಗುತ್ತೆ, ಹೋಗು ಅಂದರು ಷಡಕ್ಷರಪ್ಪ. ಬೀರಪ್ಪ ಗಾಡಿ ಹತ್ತಿದ.

ಮಾಚೇನಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಹಿಂದಿನ ಟೈರ್ ಒಡೆಯಿತು. ಆ ಭಾರಕ್ಕೆ ಲಾರಿ ಪೂರ್ತಿ ಬದಿಗೆ ಬರಲಿಲ್ಲ, ಅರ್ಧ ರಸ್ತೆಯಲ್ಲೇ ನಿಂತಿತು. ಹಿಂದೆ ಬರುವವರಿಗೆ ಕಾಣಲೆಂದು ಬೀರಪ್ಪ ಟಾರ್ಚ್ ಹಿಡಿದು ಪಕ್ಕದ ಬೇಲಿಯಲ್ಲಿ ಸೊಪ್ಪಿನ ಕೊಂಬೆ ಮುರಿಯುತ್ತಿದ್ದ. ಆಗ ಬೆನ್ನ ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಸ್ಕೂಟರ್ ಲಾರಿಯ ಅಡಿಗೆ ಸೇರಿಕೊಂಡಿತ್ತು.

ಬಿದ್ದವರು ಗುರುಪ್ರಸಾದ್, ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಸಂಸ್ಕೃತ ಮೇಷ್ಟ್ರು. ಭದ್ರಾವತಿ ಓಲ್ಡ್ ಟೌನ್‌ನ ಮನೆಗೆ ಹೊರಟಿದ್ದರು. ಜನ ಸೇರಿದರು. ಹೊಡೆತ ಬೀಳುವ ಮೊದಲು ಓಡಿಹೋಗು ಎಂದು ಒಬ್ಬಿಬ್ಬರು ಬೀರಪ್ಪನಿಗೆ ಹೇಳಿದರು. ಅವನು ಓಡಲಿಲ್ಲ. ಆಂಬುಲೆನ್ಸಿನಲ್ಲಿ ಮೇಷ್ಟ್ರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವರು ಮತ್ತೆ ಮತ್ತೆ ಕನ್ನಡಕ ಎಲ್ಲಿ ಎಂದು ಕೇಳುತ್ತಿದ್ದರು. ಇಲ್ಲೇ ಇದೆ ಸಾರ್ ಎಂದು ಬೀರಪ್ಪ ಹೇಳುತ್ತಲೇ ಇದ್ದ. ಆಸ್ಪತ್ರೆ ತಲುಪುವ ಮೊದಲೇ ಕೇಳುವುದು ನಿಂತಿತು.

ಪೊಲೀಸರು ಬೀರಪ್ಪನ ಮೇಲೆ ಕೇಸು ಹಾಕಿದರು. ಷಡಕ್ಷರಪ್ಪನವರೇ ಜಾಮೀನು ಕೊಡಿಸಿ ಬಿಡಿಸಿಕೊಂಡು ಬಂದರು, ವಕೀಲರನ್ನೂ ಅವರೇ ಹಿಡಿದರು. ಆಮೇಲೆ ಒಂದು ಗ್ಯಾರೇಜಿನ ಬಿಲ್ಲು ಹೊರಬಂತು. ಅಪಘಾತಕ್ಕೆ ಎಂಟು ದಿನ ಮೊದಲೇ ಲಾರಿಯ ದೀಪಗಳನ್ನೆಲ್ಲ ರಿಪೇರಿ ಮಾಡಲಾಗಿದೆ ಎಂದು ಅದರಲ್ಲಿತ್ತು. ಡಿಕ್ಕಿಯಲ್ಲಿ ಲಾರಿಯ ಹಿಂಭಾಗದ ದೀಪಗಳು ಪುಡಿಯಾಗಿದ್ದರಿಂದ ಉರಿಯುತ್ತಿದ್ದವೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ವಕೀಲರು ಬೀರಪ್ಪನಿಗೆ ದಾರಿ ತೋರಿಸಿದರು. ದೀಪ ಉರಿಯುತ್ತಿತ್ತು ಅನ್ನು, ಅಷ್ಟು ಸಾಕು. ಸತ್ತವರದು ದಪ್ಪ ಕನ್ನಡಕ, ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ ಎಂದು ನಾವು ಹೇಳುತ್ತೇವೆ. ನೀನೂ ಉಳಿಯುತ್ತೀಯ, ಸಾವುಕಾರರೂ ಉಳಿಯುತ್ತಾರೆ.

ಬೀರಪ್ಪನ ಹೆಂಡತಿ ಸಣ್ಣಮ್ಮನೂ ಹಾಗೇ ಹೇಳು ಎಂದಳು. ಬೀರಪ್ಪ ಹೂಂ ಅಂದ. ಹೂಂ ಅಂದಮೇಲೆ ಅವನಿಗೆ ನಿದ್ದೆ ಬರಲಿಲ್ಲ. ಒಂದು ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಓಲ್ಡ್ ಟೌನ್‌ಗೆ ಹೋದ. ಮೇಷ್ಟ್ರ ಹೆಂಡತಿ ವಿಮಲಾ ಬಾಗಿಲಿಗೆ ಬಂದರು. ತಾನು ಯಾರೆಂದು ಬೀರಪ್ಪ ಹೇಳಿಕೊಂಡ. ಅವರು ಒಳಗೆ ಕರೆಯಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

"ನಮ್ಮನೆಯವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ ಅಂತ ಕೋರ್ಟಲ್ಲಿ ಹೇಳ್ತೀರಂತೆ" ಅಂದರು ವಿಮಲಾ. "ನಿಜ ಹೇಳಿ, ಲೈಟ್ ಇತ್ತಾ?"

"ಇರ್ಲಿಲ್ಲ ಅಮ್ಮ."

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಓಡಿಸಿದ್ರಿ."

ವಿಮಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೋರ್ಟಿನಲ್ಲಿ ಅವನ ಸರದಿ ಬಂದಾಗ, ಹಿಂದಿನ ದೀಪ ಉರಿಯುತ್ತಿರಲಿಲ್ಲ, ರಿಪೇರಿ ಆಗಿರಲೇ ಇಲ್ಲ ಎಂದು ಬೀರಪ್ಪ ಹೇಳಿಬಿಟ್ಟ. ವಕೀಲರು ಕೈಯಲ್ಲಿದ್ದ ಫೈಲು ಮುಚ್ಚಿದರು. ದಿವ್ಯಶ್ರೀ ಅದಕ್ಕೂ ಮೊದಲೇ ಸಾಕ್ಷಿ ಹೇಳಿ ಹೋಗಿದ್ದಳು. ದೋಷಗಳನ್ನೆಲ್ಲ ಬರೆಯಿರಿ ಎಂದು ಚಾಲಕನೇ ಕೇಳಿಕೊಂಡಿದ್ದ ಅನ್ನುವುದನ್ನು ಅವಳು ಅವನ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಹೇಳಿದ್ದಳು. ತೀರ್ಪಿನಲ್ಲಿ ಅದೇ ಅವನ ಕುತ್ತಿಗೆಗೆ ಬಂತು. ದೋಷವನ್ನು ಸ್ಪಷ್ಟವಾಗಿ ಬಲ್ಲವನು, ಬಲ್ಲೆನೆಂದು ಸಹಿ ಹಾಕಿದವನು, ಕತ್ತಲಾದ ಮೇಲೆ ಅದೇ ಲಾರಿಯನ್ನು ರಸ್ತೆಗೆ ತಂದಿದ್ದಾನೆ. ಆರು ತಿಂಗಳ ಸಜೆಯಾಯಿತು, ಲೈಸೆನ್ಸು ಹೋಯಿತು. ಷಡಕ್ಷರಪ್ಪನವರ ಮೇಲೆ ಕೇಸೇ ಇರಲಿಲ್ಲ. ಗ್ಯಾರೇಜಿನವನು ಬಿಲ್ಲು ತನ್ನದೇ ಎಂದು ಪ್ರಮಾಣ ಮಾಡಿ ಹೇಳಿದ್ದ.

ವಿಮಲಾ ಅವರಿಗೆ ವಿಮೆಯ ಪರಿಹಾರ ಬಂತು. ತಪ್ಪು ಮೇಷ್ಟ್ರದೇ ಎಂದು ವಿಮೆಯವರು ಹೂಡಿದ ವಾದ ಬೀರಪ್ಪನ ಮಾತಿನಿಂದಾಗಿ ನಿಲ್ಲಲಿಲ್ಲ ಎಂದು ಯಾರೋ ಅವನಿಗೆ ತಿಳಿಸಿದರು. ಆಕೆಯಿಂದ ಒಂದು ಮಾತೂ ಬರಲಿಲ್ಲ. ಬರಬೇಕು ಎಂದು ಅವನು ಕಾಯಲೂ ಇಲ್ಲ.

ಜೈಲಿಗೆ ನೋಡಲು ಬಂದ ಸಣ್ಣಮ್ಮ ಅಳಲಿಲ್ಲ. ತಂದಿದ್ದ ಬಾಳೆಹಣ್ಣು ಕೊಟ್ಟು, ಮೊಮ್ಮಗಳ ಜ್ವರ ಬಿಟ್ಟಿದೆ ಎಂದು ಹೇಳಿ, ಎದ್ದು ಹೊರಡುವಾಗ ಅಂದಳು: "ಸತ್ತೋರ ಮುಖ ನೋಡಿ ನಿಜ ಹೇಳಿದ್ರಿ. ನನ್ ಮುಖಾನೂ ಒಂದ್ಸಲ ನೋಡ್ಬೋದಿತ್ತು." ಆಮೇಲೆ ಅವಳು ಬಂದಿದ್ದು ಬಿಡುಗಡೆಯ ದಿನವೇ.

ಈಗ ಬೀರಪ್ಪ ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹಗಲು ಪಾಳಿಯ ಕಾವಲುಗಾರ. ಗೇಟು ತೆಗೆಯುವುದು, ಹಾಕುವುದು, ಬಂದ ಗಾಡಿಯ ನಂಬರು ಬರೆದುಕೊಳ್ಳುವುದು. ಸಣ್ಣಮ್ಮ ಹತ್ತಿರದ ಹಾಸ್ಟೆಲ್ಲೊಂದಕ್ಕೆ ಚಪಾತಿ ಲಟ್ಟಿಸಲು ಹೋಗುತ್ತಾಳೆ. ಮನೆಯಲ್ಲಿ ಇಬ್ಬರೂ ಬೇಕಾದಷ್ಟೇ ಮಾತಾಡುತ್ತಾರೆ. ಷಡಕ್ಷರಪ್ಪನವರು ಹೊಸ ಲಾರಿ ಕೊಂಡಿದ್ದಾರೆ. ದಾರಿಯಲ್ಲಿ ಕಂಡರೆ ಕಾರು ನಿಲ್ಲಿಸಿ ಆರೋಗ್ಯ ವಿಚಾರಿಸುತ್ತಾರೆ. ಬೀರಪ್ಪ ಚೆನ್ನಾಗಿದ್ದೀನಿ ಸಾವ್ಕಾರ್ರೆ ಅನ್ನುತ್ತಾನೆ. ಹಾಗೆ ಅಂದ ದಿನವೆಲ್ಲ ತನ್ನ ಮೇಲೆಯೇ ಅವನಿಗೆ ಸಿಟ್ಟು.

ಜೊತೆಯ ಕೆಲಸಗಾರರು ಕೆಲವೊಮ್ಮೆ ಅವನನ್ನು ಹೊಗಳುತ್ತಾರೆ. ನಿನ್ನ ಹಾಗೆ ನಿಜ ಹೇಳುವವರು ಯಾರಿದ್ದಾರೆ ಅನ್ನುತ್ತಾರೆ. ಆ ಮಾತನ್ನು ಬೀರಪ್ಪ ಸಹಿಸುವುದಿಲ್ಲ. ಕೋರ್ಟಿನಲ್ಲಿ ನಿಜ ಹೇಳಿದ್ದು ಏನೂ ದೊಡ್ಡದಲ್ಲ, ಆಗ ಮೇಷ್ಟ್ರು ಹೋಗಿ ಎಷ್ಟೋ ದಿನವಾಗಿತ್ತು ಅನ್ನುತ್ತಾನೆ. ಸಾವುಕಾರರು ಫೋನಿನಲ್ಲಿ ಹೋಗು ಅಂದಾಗ ಬೀಗದ ಕೈಯನ್ನು ಅಲ್ಲೇ ಇಟ್ಟು ನಡೆದು ಮನೆಗೆ ಬರಬೇಕಿತ್ತು, ಬಂದಿದ್ದರೆ ಕೆಲಸ ಹೋಗುತ್ತಿತ್ತು, ಅಷ್ಟೇ. ಇಷ್ಟು ಹೇಳಿ ಅವನು ಗೇಟಿನ ಕಡೆ ಹೋಗಿಬಿಡುತ್ತಾನೆ.